ಎರಡು ಸಲ ಎತ್ತುವ ಸ್ವಿಚ್ಚು

ರೋಣದ ಶಿವನಪ್ಪನವರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಮುಂಜಾನೆ, ಚಹಾದ ಹೊತ್ತಿಗೆ. ನರಗುಂದದ ಒಂದು ಕಾಲೇಜಿನಲ್ಲಿ ಗಣಕ ವಿಷಯ ಕಲಿಸುವ ಭಾರತಿಯವರು ಫೋನ್ ಮಾಡಿದ್ದರು. ಹಳೆಯ ಮಿನಿಕಂಪ್ಯೂಟರಿನ ಮಾದರಿಯೊಂದನ್ನು ಜೋಡಿಸಿದ್ದೇವೆ, ಶನಿವಾರ ಜನರೆದುರು ಅದನ್ನು ಚಾಲೂ ಮಾಡುವ ಕಾರ್ಯಕ್ರಮ, ತಾವೂ ಬರಬೇಕು ಎಂದರು. ಶಿವನಪ್ಪನವರ ಕಿವಿಗೆ ಬಿದ್ದದ್ದು 'ತಾವೇ' ಎಂದು. ಹಿಗ್ಗಿ ಎದ್ದು ನಿಂತರು. ಮಾತು ಮುಗಿಯುವಷ್ಟರಲ್ಲಿ ತಿಳಿಯಿತು, ಅದು 'ತಾವೂ'. ಸ್ವಿಚ್ಚಿಗೆ ಕೈ ಹಚ್ಚುವವನು ಗಜೇಂದ್ರಗಡದ ಇಮಾಮಸಾಬ.

"ಅವರನ್ನ ಕರದ್ರ ನಿಮಗ್ಯಾಕ ಉರಿ?" ಎಂದರು ಹೆಂಡತಿ ದೇವವ್ವ. "ಮದಲ ಚಾ ಕುಡೀರಿ, ಆರಿ ಹೋತು."

"ನನಗೇನೂ ಉರಿ ಇಲ್ಲ. ಜನರಿಗೆ ಹೇಳೂ ವಿಷಯ ಖರೇ ಇರಬೇಕು, ಅಷ್ಟ."

"ಹೌದ್ರಿ, ಅದಕ್ಕ ಮೂಗಿನಾಗ ಹೊಗಿ ಬರಾಕತ್ತೈತಿ."

ಅವರ ಉರಿಗೆ ಆಧಾರವಿರಲಿಲ್ಲವೆಂದು ಹೇಳುವಂತಿಲ್ಲ. ೧೯೭೯ರಿಂದ ಒಂಬತ್ತು ವರ್ಷ ಇಬ್ಬರೂ ಒಂದು ನೂಲಿನ ಗಿರಣಿಯ ಯಂತ್ರದ ಕೋಣೆಯಲ್ಲಿ ಪಾಳಿ ಮಾಡಿದವರು. ಆ ಗಿರಣಿ ಈಗಿಲ್ಲ. ಕಪಾಟಿನಷ್ಟು ಎತ್ತರದ ಆ ಮಿನಿಕಂಪ್ಯೂಟರಿಗಿದ್ದ ಸ್ಮರಣೆ ಐವತ್ತಾರು ಕಿಲೋಬೈಟು. ಅದನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್, ಅದರಲ್ಲಿ ಸದಾ ಹಿಡಿದು ಕೂಡುತ್ತಿದ್ದ ಜಾಗ ನಾಲ್ಕೈದು ಕಿಲೋಬೈಟು ಮಾತ್ರ. ಅದರ ಉಳಿದ ಭಾಗಗಳು ಡಿಸ್ಕಿನಲ್ಲಿದ್ದು, ಕರೆದಾಗ ಬಂದು, ಕೆಲಸ ತೀರಿದ ಕೂಡಲೇ ಜಾಗ ಬಿಟ್ಟು ಹೋಗುತ್ತಿದ್ದವು. ಹತ್ತಿ ಬೇಲುಗಳ ತೂಕದಿಂದ ಮೂರು ಪಾಳಿಗಳ ಹಾಜರಿಯವರೆಗೆ ಗಿರಣಿಯ ಲೆಕ್ಕವೆಲ್ಲ ಅಷ್ಟರಲ್ಲೇ ನಡೆಯುತ್ತಿತ್ತು.

ಗುಂಡಿ ಒತ್ತಿದರೆ ತಾನಾಗಿ ಏಳುವ ಯಂತ್ರ ಅದಲ್ಲ. ದಿನಾ ಮುಂಜಾನೆ ಎದುರಿನ ಫಲಕದ ಸಣ್ಣ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದು ಸಂಖ್ಯೆಯನ್ನು ರಚಿಸಬೇಕು. ಬಳಿಕ 'ಡಿಪಾಸಿಟ್' ಎಂಬ ಸ್ವಿಚ್ಚನ್ನು ಎತ್ತಿದರೆ ಆ ಸಂಖ್ಯೆ ಸ್ಮರಣೆಯ ಒಂದು ಮನೆಯೊಳಗೆ ಕೂಡುತ್ತದೆ. ಮತ್ತೆ ಎತ್ತಿದರೆ ಮುಂದಿನ ಮನೆ; ಯಾವ ಮನೆ ಎಂಬುದನ್ನು ಫಲಕದ ದೀಪಗಳು ತೋರಿಸುತ್ತವೆ. ಹೀಗೆ ಒಂಬತ್ತು ಸಂಖ್ಯೆ ತುಂಬಿ 'ಸ್ಟಾರ್ಟ್' ಒತ್ತಿದ ಮೇಲೆ ಯಂತ್ರ ಡಿಸ್ಕನ್ನು ಓದಿ ಏಳುತ್ತಿತ್ತು. ಗಿರಣಿಯ ಡಿಪಾಸಿಟ್ ಸ್ವಿಚ್ಚು ಸವೆದಿತ್ತು. ಮೊದಲ ಸಲಕ್ಕೆ ಹಿಡಿಯುತ್ತಿರಲಿಲ್ಲ, ಎರಡನೆಯದಕ್ಕೆ ಹಿಡಿಯುತ್ತಿತ್ತು.

ಆರು ವಾರ ಹೈದರಾಬಾದಿನಲ್ಲಿ ತರಬೇತಿ ಪಡೆದು ಬಂದವರು ಶಿವನಪ್ಪನವರು. ಇಮಾಮಸಾಬನಿಗೆ ಆ ಒಂಬತ್ತು ಸಂಖ್ಯೆಗಳನ್ನು ಕಲಿಸಿದವರೂ ಅವರೇ. ಆತ ಮಾಡಿದ್ದು ಒಂದೇ ಕೆಲಸ: ಅವನ್ನು ಮೊಹರಮ್ಮಿನ ರಿವಾಯತ ಪದದ ಧಾಟಿಗೆ ಕೂಡಿಸಿಕೊಂಡ. ಈಚೆಗೆ ಸೂಡಿಯ ಬೀಗರ ಮನೆಯಲ್ಲಿ ಅದನ್ನು ಹಾಡಿದ್ದನಂತೆ. ಯಾರೋ ವಿಡಿಯೊ ಮಾಡಿದರು, ಅದು ನರಗುಂದ ಮುಟ್ಟಿತು.

ಆ ವಿಡಿಯೊ ಶಿವನಪ್ಪನವರಿಗೂ ಬಂದಿತ್ತು. ತೆರೆಯಲು ಹೋದರೆ ಫೋನು ಜಾಗವಿಲ್ಲ ಎಂದಿತು. ಜಾಗ ತಿಂದದ್ದು ಯಾವುದೆಂದು ಹುಡುಕಿದರೆ, ಜೋಳದ ಧಾರಣೆ ತೋರಿಸುವ ಒಂದು ಆ್ಯಪ್ ಎಂಬತ್ತು ಮೆಗಾಬೈಟು! ಭಾಗಿಸಿ ನೋಡಿದರು. ಗಿರಣಿಯ ಯಂತ್ರದಂಥವು ಸಾವಿರದ ನಾನೂರಕ್ಕೂ ಹೆಚ್ಚು ಹಿಡಿಯುವಷ್ಟು. ಜೋಳದ ಧಾರಣೆಯೋ ಒಂದೇ ಸಾಲು. ವೈರಿಯ ಹಾಡು ಕೇಳುವುದಕ್ಕಾಗಿ ಅದನ್ನು ಅಳಿಸಬೇಕಾಯಿತು. ಕೇಳಿದರು. ಹಾಡು ಚೆನ್ನಾಗಿತ್ತು, ಸಂಕಟ ಇಮ್ಮಡಿಯಾಯಿತು.

ಶನಿವಾರ ನರಗುಂದದ ಸಭಾಂಗಣದಲ್ಲಿ ಅವರು ಹಿಂದಿನ ಸಾಲಿನಲ್ಲಿ ಕುಳಿತರು. ಫಲಕ ಥೇಟ್ ಹಳೆಯದರಂತೆ. ಆದರೆ ಅದರ ಬೆನ್ನ ಹಿಂದಿದ್ದದ್ದು ಅಂಗೈಯಗಲದ ಹೊಸ ಗಣಕ. ಅದು ಮೊದಲು ತನ್ನ ನಾಲ್ಕು ಗಿಗಾಬೈಟಿನ ತಂತ್ರಾಂಶವನ್ನು ಎಬ್ಬಿಸಿಕೊಂಡು, ಆಮೇಲೆ ಐವತ್ತಾರು ಕಿಲೋಬೈಟಿನ ಯಂತ್ರದ ವೇಷ ಹಾಕಬೇಕು. ಎಬ್ಬಿಸುವ ನಡುವೆಯೇ ಅಪ್‌ಡೇಟ್ ಶುರುವಾಯಿತು. ಸಭೆಯೆಲ್ಲ ಕಾಯುತ್ತ ಕೂತಿತು.

"ಸಣ್ಣದರ ಸೋಗು ಹಾಕಾಕ ಇಷ್ಟು ದೊಡ್ಡದು ಬೇಕಾತೇನ್ರಿ?" ಎಂದು ಶಿವನಪ್ಪನವರು ಗಟ್ಟಿಯಾಗಿಯೇ ಕೇಳಿದರು.

"ಶಿವನಪ್ಪಣ್ಣ, ಸಿಟ್ಟು ಕಮ್ಮಿ ಮಾಡ," ಎಂದ ಇಮಾಮಸಾಬ ವೇದಿಕೆಯಿಂದ. "ಹೊಸಾ ಮದುಮಗಳು, ಸಿಂಗಾರ ಆಗ್ಲಿ ತಡಿ." ಜನ ನಕ್ಕರು. ಶಿವನಪ್ಪನವರು ನಗಲಿಲ್ಲ.

ಕೊನೆಗೆ ದೀಪಗಳು ಹತ್ತಿದವು. ಇಮಾಮಸಾಬ ಹಾಡುತ್ತ, "ಸೊನ್ನಿ ಒಂದ ಎರಡ ಏಳ, ಸೊನ್ನಿ ಸೊನ್ನಿ" ಎಂದು ಬೆರಳಾಡಿಸಿದ. ಕಾಲೇಜಿನ ಹುಡುಗಿಯರು ಫೋನು ಎತ್ತಿ ಹಿಡಿದರು. ಒಂಬತ್ತೂ ಮುಗಿಸಿ ಸ್ಟಾರ್ಟ್ ಎಂದು ಒತ್ತಿದ. ದೀಪಗಳು ಒಮ್ಮೆ ಮಿಣುಕಿ ನಿಂತುಬಿಟ್ಟವು. ಮತ್ತೆ ಹಾಡಿದ. ಮತ್ತೆ ಅದೇ.

ಶಿವನಪ್ಪನವರ ಎದೆಯೊಳಗೆ ತಣ್ಣನೆಯ ಸುಖವೊಂದು ಹರಿಯಿತು. ಧಾಟಿ ನೆನಪಿದೆ, ಸಂಖ್ಯೆ ಮರೆತಿದ್ದಾನೆ ಎಂದುಕೊಂಡರು. "ಭಾರತಿಯವರ, ನಾ ನೋಡ್ಲೇನ್ರಿ?"

"ಬರ್ರಿ ಸರ್, ಬರ್ರಿ."

ಇಮಾಮಸಾಬ ಕುರ್ಚಿ ಬಿಟ್ಟು ಪಕ್ಕದಲ್ಲಿ ನಿಂತ. ಶಿವನಪ್ಪನವರು ಕನ್ನಡಕ ಸರಿಮಾಡಿಕೊಂಡು, ಹಾಡಿಲ್ಲದೆ, ತರಬೇತಿಯ ಶಿಸ್ತಿನಿಂದ ಒಂಬತ್ತೂ ತುಂಬಿದರು. ಸ್ಟಾರ್ಟ್. ದೀಪಗಳು ಮಿಣುಕಿ ನಿಂತವು.

ಸಭೆಯಲ್ಲಿ ಯಾರೋ ಕೆಮ್ಮಿದರು. ಶಿವನಪ್ಪನವರ ಕಿವಿ ಕಾದವು. ಆಗ ಇಮಾಮಸಾಬ ಬಾಗಿ, ಅವರಿಗೊಬ್ಬರಿಗೇ ಕೇಳುವಂತೆ ಹೇಳಿದ:

"ಅಣ್ಣ, ನೀ ತುಂಬೂ ಮುಂದ ನಾ ದೀಪ ನೋಡಿದೆ. ಒಂದ ಸಂಖ್ಯಾ ಎರಡೆರಡ ಮನ್ಯಾಗ ಕುಂತೈತಿ. ಎರಡ ಸಲ ಎತ್ತಾಕತ್ತೀವಿ ನಾವು. ಇದು ನಮ್ಮ ಗಿರಣಿ ಸ್ವಿಚ್ಚಲ್ಲೋ ಮಾರಾಯ, ಇದು ಚಲೋ ಐತಿ!"

ಶಿವನಪ್ಪನವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಅದು ಇನ್ನೂ ಗಿರಣಿಯಲ್ಲೇ ಇತ್ತು.

"ನೀ ಮಾಡು ಹಂಗಾರ," ಎಂದು ಗೊಣಗಿದರು.

"ಕುಂತೀಯಲ್ಲ, ನೀನ ಮಾಡ. ನಿನ್ನ ಕೈ ನಾ ಹಿಡೀತೀನಿ." ಪ್ರತಿ ಸಂಖ್ಯೆಗೂ ಡಿಪಾಸಿಟ್ ಒಮ್ಮೆ ಎತ್ತಿದ ಕೂಡಲೇ ಇಮಾಮಸಾಬ ಅವರ ಮಣಿಕಟ್ಟನ್ನು ಬಿಗಿಹಿಡಿದು ಎರಡನೆಯದನ್ನು ತಡೆದ. ಒಂಬತ್ತೂ ಮುಗಿದವು. ದೀಪಗಳು ಓಡತೊಡಗಿದವು. ಪರದೆಯ ಮೇಲೆ ಒಂದು ಸಾಲು ಮೂಡಿ, ಅದರ ಕೆಳಗೆ ಒಂದು ಚುಕ್ಕೆ ಬಂದು ನಿಂತಿತು.

"ಇಷ್ಟ ಏನ್ರಿ? ಒಂದ ಚುಕ್ಕಿ?" ಎಂದು ಮುಂದಿನ ಸಾಲಿನವನೊಬ್ಬ ಕೇಳಿದ.

"ಇಷ್ಟ," ಎಂದರು ಶಿವನಪ್ಪನವರು. "ಏನ್ ಮಾಡಲಿ ಅಂತ ಕೇಳಾಕತ್ತೈತಿ. ಇದಕ್ಕಿಂತ ಹೆಚ್ಚ ಯಾಕ ಬೇಕು?"

ಚಪ್ಪಾಳೆ ದೊಡ್ಡದಾಗಿಯೇ ಬಿದ್ದಿತು, ಅವರ ಹೆಸರಿಗೇ ಬಿದ್ದಿತು.

ಸಂಜೆ ಮನೆ ಸೇರಿ ದೇವವ್ವನಿಗೆ, "ನಾನ ಚಾಲೂ ಮಾಡಿದೆ," ಎಂದರು.

"ಮತ್ತ ಮಾರಿ ಯಾಕ ಹಿಂಗೈತಿ?"

ಶಿವನಪ್ಪನವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. "ತಪ್ಪು ಅವಗ ಮದಲ ಕಾಣಿಸ್ತು," ಎಂದರು.