ಕಾಣೆಯಾದ ಗುಂಡಿ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಉಳಿದ ಸಂಸಾರ. ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ದೊಡ್ಡ ಮಗಳಿಗೆ ಭಾಗಾಕಾರ ಕಬ್ಬಿಣದ ಕಡಲೆ. ಲೆಕ್ಕದ ಪುಸ್ತಕ ತೆರೆದರೆ ಅಳು. ಅದಕ್ಕೇ ಟೈಲರಕ್ಕ ಒಂದು ಆಟ ಹೂಡಿದ್ದಳು. ಡಬ್ಬಿಯಿಂದ ಒಂದು ಹಿಡಿ ಗುಂಡಿ ತೆಗೆದು ಎಣಿಸಿ, ದಾಳ ಉರುಳಿಸಬೇಕು. ದಾಳದಲ್ಲಿ ಬಿದ್ದಷ್ಟು ಬಟ್ಟಲು ಇಟ್ಟು ಸಮನಾಗಿ ಹಂಚಬೇಕು. ಎಷ್ಟು ಉಳಿಯುತ್ತದೆಂದು ಮೊದಲೇ ಸರಿಯಾಗಿ ಹೇಳಿದರೆ, ಉಳಿದ ಗುಂಡಿಗಳು ಹೇಳಿದವರ ಪಾಲು.

ಆ ಸಂಜೆ ಕತ್ತಲಾಗುವುದರೊಳಗೆ ಒಂದು ಕೋಟು ಕೊಡಬೇಕಿತ್ತು. ಟೈಲರಕ್ಕನಿಗೆ ಉಸಿರಾಡಲೂ ಪುರಸೊತ್ತಿಲ್ಲ. ಮಗಳು ನೆಲದ ಮೇಲೆ ಒಬ್ಬಳೇ ಆಡುತ್ತಿದ್ದಳು. ಈಗಷ್ಟೇ ನಡೆಯಲು ಕಲಿತ ತಂಗಿ ಪುಟ್ಟಿ ಅಲ್ಲೇ ಸುತ್ತುತ್ತಿದ್ದಳು. ಇಪ್ಪತ್ತಮೂರು ಗುಂಡಿ, ಐದು ಬಟ್ಟಲು. ಮೂರು ಉಳಿಯುತ್ತದೆ ಎಂದಳು ಮಗಳು. ಹಂಚಿ ನೋಡಿದರೆ ಉಳಿದದ್ದು ಎರಡೇ.

ಎಣಿಸುವಾಗ ಗಮನ ಎಲ್ಲಿಟ್ಟಿದ್ದೆ ಎಂದು ಟೈಲರಕ್ಕ ತಲೆ ಎತ್ತದೆಯೇ ಗದರಿದಳು. ಮಗಳು ತುಟಿ ಕಚ್ಚಿಕೊಂಡು ಎಲ್ಲವನ್ನೂ ಸುರಿದು ಮತ್ತೆ ಎಣಿಸಿದಳು.

"ಅಮ್ಮಾ, ನನ್ ಲೆಕ್ಕ ಸರಿಯಿದೆ. ಒಂದು ಗುಂಡೀನೇ ಇಲ್ಲ."

ಯಂತ್ರ ನಿಂತಿತು. ಬಾಗಿಲ ಬಳಿ ಕೂತ ಪುಟ್ಟಿ ಏನನ್ನೋ ಚೀಪುತ್ತಿದ್ದಳು. ಕೂಗಿದರೆ ಮಗು ಬೆಚ್ಚಿ ನುಂಗಿಬಿಡುತ್ತದೆ. ಟೈಲರಕ್ಕ ಮಂಡಿಯೂರಿ ಮೆಲ್ಲಗೆ ಹತ್ತಿರ ಸರಿದಳು.

"ಎಲ್ಲಿ ಚಿನ್ನ, ಆ ಮಾಡು ನೋಡೋಣ."

ಪುಟ್ಟಿಗೆ ಅದೂ ಆಟವೇ. ಕಿಲಕಿಲ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಟೈಲರಕ್ಕ ಅವಳನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಅಂಗೈಯಿಂದ ಬಡಿದಳು. ಏನೂ ಬರಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು. ಇನ್ನೂ ಜೋರಾಗಿ ಬಡಿದಳು. ಮಗಳು ಎದುರುಮನೆಯವರನ್ನು ಕರೆಯಲು ಓಡಿದಳು. ಅವರು ಬರುವಷ್ಟರಲ್ಲಿ ಕಪ್ಪು ಗುಂಡಿಯೊಂದು ನೆಲಕ್ಕೆ ಬಿತ್ತು. ಹಿಂದೆಯೇ ಪುಟ್ಟಿಯ ಅಳು. ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಭಯವಿಲ್ಲ ಎಂದರು. ಕೋಟಿನವನು ಬಂದು ಗೊಣಗಿ ಹೋದ.

ಮನೆಯಲ್ಲಿ ದೊಡ್ಡವಳು ಮೂಲೆ ಹಿಡಿದು ಕೂತಿದ್ದಳು. ಟೈಲರಕ್ಕ ಪಕ್ಕದಲ್ಲಿ ಕುಸಿದಳು.

"ನೀನು ಸರಿಯಾಗೇ ಹೇಳಿದ್ದೆ ಕಣೇ. ನಾನೇ ಕೇಳಿಸ್ಕೊಳ್ಳಲಿಲ್ಲ."

ಇನ್ನು ಆಟ ಇಲ್ಲವಾ ಎಂದು ಮಗಳು ಕೇಳಿದಳು. ಗುಂಡಿಯ ಡಬ್ಬಿ ಅಟ್ಟಕ್ಕೇರಿತು. ಮರುದಿನದಿಂದ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಹಂಚತೊಡಗಿದರು, ಪುಟ್ಟಿಯನ್ನು ಅಮ್ಮನ ಮಡಿಲಲ್ಲಿ ಭದ್ರವಾಗಿ ಕೂರಿಸಿಕೊಂಡು.