ಎಪ್ಪತ್ತೊಂಬತ್ತನೇ ಮನೆಯ ಬಂಗಾರ

ಅಪ್ಪಯ್ಯನಿಗೆ ಜ್ವರ ಬಂದದ್ದು ದೊಡ್ಡ ಸಂಗತಿಯೇ ಅಲ್ಲ. ಮಳೆಗಾಲದಲ್ಲಿ ಮರವಂತೆಯಲ್ಲಿ ಯಾರಿಗೆ ಜ್ವರ ಬರುವುದಿಲ್ಲ? ಅನಾಹುತ ಮಾಡಿದ್ದು ಹಳೇ ಗಾಜಿನ ಥರ್ಮಾಮೀಟರು. ಅಮ್ಮ ಅದನ್ನು ಕೊಡವುವಾಗ ಗೋಡೆಗೆ ಬಡಿದು ಒಡೆಯಿತು, ಪಾದರಸ ನೆಲದ ತುಂಬ ಉರುಳಿತು. ಪಾದರಸವೆಂದರೆ ಶಿವನ ಅಂಶ, ಕಸ ಗುಡಿಸುವ ಹಿಡಿಸೂಡಿ ತಾಗಿಸಿದರೆ ಪಾಪ ಅಂತ ಅಮ್ಮನ ನಂಬಿಕೆ. ಹಾಗಾಗಿ ಬಗ್ಗಿ ಕೂತು, ಬಾಳೆಲೆಯ ತುಂಡಿನಿಂದ ಒಂದೊಂದೇ ಹನಿ ಒಟ್ಟು ಮಾಡಿ, ಬಾಟ್ಲಿಗೆ ಹಾಕಿ ದೇವರ ಕೋಣೆಯಲ್ಲಿಟ್ಟಳು. ಬಗ್ಗಿದಾಗ ಕರಿಮಣಿ ಜೋತುಬಿದ್ದು ತಾಳಿ ಪಾದರಸಕ್ಕೆ ತಾಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಆಮೇಲೆ ನೋಡಿದರೆ ಚಿನ್ನದ ತಾಳಿ ಬೆಳ್ಳಗೆ!

ಅಮ್ಮನ ಫೋನು ಬಂತು. ಕುಂದಾಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನಾನು ಕ್ಲಾಸು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ಅಮ್ಮ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. "ಹೆಣೆ ಮಗಳೇ, ತಾಳಿ ಬೆಳ್ಳಗಾಯ್ತ್. ನಿನ್ನ ಅಪ್ಪಯ್ಯ ಇನ್ನ್ ಉಳೂದಿಲ್ಲ."

"ಸಾಯುಕ್ ಮೊದ್ಲ್ ಒಂದ್ ಬಂಗ್ಡಿ ಮೀನ್ ಸಾರ್ ಆದ್ರೂ ಮಾಡಿ ಹಾಕ್" ಎಂದರು ಅಪ್ಪಯ್ಯ ಮಂಚದಿಂದ. ಜ್ವರ ಬಿಟ್ಟಿತ್ತು. ಆದರೆ ಅಮ್ಮ ಗಂಜಿ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ, ಮಂಚ ಇಳಿಯಲಿಕ್ಕೂ ಬಿಡುತ್ತಿರಲಿಲ್ಲ.

ನಾನು ಬಾಟ್ಲಿಯನ್ನು ಜಗಲಿಗೆ ತಂದು, ರಂಗೋಲಿ ಪುಡಿಯಲ್ಲಿ ಆವರ್ತ ಕೋಷ್ಟಕ ಬರೆದೆ.

"ಕಾಣ್ ಅಮ್ಮ, ಇದೊಂದ್ ವಠಾರ. ಪರಮಾಣು ಒಳ್ಗೆ ಎಷ್ಟ್ ಪ್ರೋಟಾನ್ ಇತ್ತೋ ಅದೇ ಮನಿ ನಂಬ್ರ. ಮೇಲಿಂದ ಕೆಳಗೆ ಒಂದ್ ಸಾಲಂದ್ರೆ ಒಂದ್ ಕುಟುಂಬ, ಗುಣವೂ ಸುಮಾರ್ ಒಂದೇ. ತಾಮ್ರ, ಅದ್ರಡಿ ಬೆಳ್ಳಿ, ಅದ್ರಡಿ ಚಿನ್ನ. ಚಿನ್ನದ್ದ್ ಎಪ್ಪತ್ತೊಂಬತ್ತ್, ಬಗಲಿನ ಎಂಬತ್ತ್ ಪಾದರಸ. ಈ ಬಲ್ಗಡೆ ತುದೀಲಿ ಇಪ್ಪು ಗ್ಯಾಸಿನವ್ರ್ ಯಾರ ಮನಿಗೂ ಹೋಪವ್ರಲ್ಲ, ನನ್ನ ಅತ್ತೆ ಹಾಂಗೆ. ಪಾದರಸ ತಾಗಿದ್ರೆ ಚಿನ್ನ, ಬೆಳ್ಳಿ ಎರಡೂ ಅದ್ರೊಟ್ಟಿಗೆ ಬೆರೀತ್, ಚಿನ್ನ ಬೆಳ್ಳಗಾತ್ತ್. ಅಪ್ಪಯ್ಯನ ಆಯುಸ್ಸಿಗೆ ಇಲ್ಲಿ ಮನಿಯೇ ಇಲ್ಲ!"

"ಚಿನ್ನಕ್ಕೆ ನಂಬ್ರ ಕೊಟ್ಟವ್ರ್ ಕರಿಮಣಿ ಕಟ್ಕಂಡಿದ್ರಾ?" ಅಮ್ಮ ಮೂಗು ಒರೆಸಿಕೊಂಡಳು.

ನನಗೆ ಪಿತ್ತ ನೆತ್ತಿಗೇರಿತು. ಬಾಟ್ಲಿಯ ಮುಚ್ಚಳ ತೆಗೆದು ನನ್ನದೇ ತಾಳಿ ಅದ್ದಿಬಿಟ್ಟೆ. ಲ್ಯಾಬಿನಲ್ಲಿ ಮಕ್ಕಳು ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.

"ಅಯ್ಯಯ್ಯೋ! ಅಳಿಯ!" ಅಮ್ಮ ಕಿರುಚಿದಳು.

ಎತ್ತಿದಾಗ ತಾಳಿ ಬೆಳ್ಳಗಾಗಿತ್ತು. ಆಗಲೇಬೇಕಿತ್ತು, ನಾನೇ ಹೇಳಿದ್ದಲ್ಲವಾ? ಮುಚ್ಚಳ ಬಿಗಿ ಮಾಡಿ, ಕೈ ತೊಳೆದೆ. ಆದರೂ ಸುಮ್ಮನೆ ಒಂದು ಫೋನು ಮಾಡಿದರೆ ಏನು ತಪ್ಪು? ನನ್ನ ಗಂಡ ಬೈಂದೂರಿನಲ್ಲಿ ಕೆಲಸದಲ್ಲಿದ್ದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ದೇವರೇ, ಈ ಮನುಷ್ಯ ಬೈಕಿನಲ್ಲಿ ಹೈವೇ ದಾಟುತ್ತಿದ್ದಾರೋ ಏನೋ! ಕಡೆಗೂ ಎತ್ತಿದರು.

"ಹುಷಾರಿದ್ರಿ ಅಲ್ದಾ? ಎದೆ ಗಿದೆ ನೋವಿಲ್ಲ ಅಲ್ದಾ?"

"ಗೋಳಿಬಜೆ ತಿಂತಾ ಇದ್ದೆ ಮಾರಾಯ್ತಿ. ಎಂತ ಆಯ್ತ್ ನಿಂಗೆ?"

ಅಮ್ಮ ನನ್ನ ತಾಳಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರುಮಾಡಿದಳು.

"ಹ್ವಾಯ್, ಏಳಿನಿ! ಬಂಗ್ಡಿ ಸಾರ್ ಮಾಡ್ತೆ" ಅಂತ ಒಳಗಿದ್ದ ಅಪ್ಪಯ್ಯನಿಗೆ ಕೂಗಿ, ನನ್ನ ಕಡೆ ತಿರುಗಿದಳು. "ಅಳಿಯಂಗೂ ಊಟಕ್ಕೆ ಬಪ್ಪುಕೆ ಹೇಳ್. ಕಣ್ಣಾರೆ ಕಂಡ್ರೆ ನಿಂಗೂ ಧೈರ್ಯ ಬತ್ತ್."

ನಾನು ಮತ್ತೆ ಫೋನು ಹಚ್ಚಿದೆ.