ಸತುವಿನ ಸಣ್ಣ ಗುಡ್ಡ

ನಿವೃತ್ತಿಯಾದ ಮೇಲೂ ಉಜಿರೆಯ ಕಾಲೇಜೊಂದರ ಪ್ರಯೋಗಶಾಲೆಗೆ ನಾನು ಒಂಬತ್ತಕ್ಕೆ ಐದು ನಿಮಿಷ ಮೊದಲೇ ಹಾಜರು. ಎಕ್ಸ್‌-ರೇ ಹಾಯಿಸಿ ಲೋಹದಲ್ಲಿ ಏನೇನು ಸೇರಿದೆ ಎಂದು ತಿಳಿಸುವ ಯಂತ್ರ ನನ್ನ ಉಸ್ತುವಾರಿಯಲ್ಲಿದೆ.

ಮೂಡುಬಿದಿರೆಯ ಬಸದಿಯೊಂದರ ಮೇಲ್ವಿಚಾರಕರು ಅಲ್ಲಿಯ ಹಳೆಯ ಕಂಚಿನ ದೀಪ ತಂದರು. ಸಿದ್ಧಕಟ್ಟೆಯ ಕೆಲಸಗಾರನಲ್ಲಿ ಬೆಸುಗೆ ಹಾಕಿಸಿದ ಮೇಲೆ ಬಣ್ಣವೇ ಬೇರೆಯಾಗಿತ್ತಂತೆ.

"ನಮ್ಮದನ್ನು ಇಟ್ಟುಕೊಂಡು ಹಿತ್ತಾಳೆಯದ್ದು ಕೊಟ್ಟಿದ್ದಾನೆ. ನೀವು ಹೌದು ಅಂದರೆ ಹತ್ತು ಜನರ ಎದುರು ಕೇಳ್ತೇನೆ."

ಹಿತ್ತಾಳೆಯಾದರೆ ಸತು ಕಾಣಬೇಕು. ಕಂಚಿನಲ್ಲಿ ತಾಮ್ರ ಮತ್ತು ತವರ.

ಸಂಶೋಧನೆ ಮಾಡುವ ವಿದ್ಯಾರ್ಥಿನಿ ತಂದ ಗ್ರಾಫ್‌ನಲ್ಲಿ ಸತು ಇರಲಿಲ್ಲ. ಆದರೆ ಗೆರೆ ಎಣ್ಣೆ ಹಚ್ಚಿದಷ್ಟು ನುಣುಪು. ಅಂಥದ್ದನ್ನು ನಾನು ನಂಬುವುದಿಲ್ಲ. ಅವಳ ಊರೂ ಸಿದ್ಧಕಟ್ಟೆ ಎಂಬುದು ನೆನಪಾಯಿತು.

"ಗೆರೆ ತುಂಬಾ ನಡುಗ್ತಿತ್ತು ಸರ್, ಕಂಪ್ಯೂಟರಿನಲ್ಲಿ ಸರಾಸರಿ ತೆಗೆದೆ."

"ನಡುಕದ ಜೊತೆ ಸತುವನ್ನೂ ತೆಗೆದೆಯೋ ಏನೋ!"

ಮೂಲ ಅಂಕಿಗಳನ್ನು ತರಿಸಿದೆ. ತಾಮ್ರದ ಎರಡು ಶಿಖರಗಳ ನಡುವೆ ಏನೋ ತಲೆಯೆತ್ತಿತ್ತು. ಅಳತೆಯನ್ನು ಒಂದು ನಿಮಿಷದಿಂದ ಹದಿನಾರಕ್ಕೆ ಏರಿಸಿದೆ. ಕಾದಷ್ಟೂ ನಡುಕ ತಗ್ಗುತ್ತದೆ, ನಿಜವಾದದ್ದು ಉಳಿಯುತ್ತದೆ. ಸತುವಿನ ಜಾಗದಲ್ಲಿ ಸಣ್ಣ ಗುಡ್ಡ ಉಳಿಯಿತು. ಕೂಡಲೇ ಮೇಲ್ವಿಚಾರಕರಿಗೆ ಫೋನ್ ಮಾಡಿ, "ಸತು ಉಂಟು" ಎಂದೆ.

"ದೀಪ ತೆಗೆದು ಖಾಲಿ ಒಮ್ಮೆ ಅಳೆಯುವ ಸರ್" ಎಂದಳು ವಿದ್ಯಾರ್ಥಿನಿ.

"ಅದು ತಿಂಗಳ ಮೊದಲ ಸೋಮವಾರವೇ ಆಗಿದೆ. ಪುಸ್ತಕ ನೋಡು."

"ಆಮೇಲೆ ಬಳೆ ಬದಲಾಯಿತಲ್ಲ?"

ವಸ್ತು ಕೂರಿಸುವ ಪ್ಲಾಸ್ಟಿಕ್ ಬಳೆ ಒಡೆದಾಗ, ಬಾಳಿಕೆ ಬರಲಿ ಎಂದು ಬಿ.ಸಿ.ರೋಡಿನ ಅಂಗಡಿಯಿಂದ ಹಿತ್ತಾಳೆಯದ್ದು ತಂದು ಹಾಕಿದವನು ನಾನೇ. ಖಾಲಿ ಅಳತೆಯನ್ನು ಮಾತ್ರ ಮುಂದಿನ ಮೊದಲ ಸೋಮವಾರಕ್ಕೆ ಬಿಟ್ಟಿದ್ದೆ. ಕ್ರಮ ತಪ್ಪಬಾರದಲ್ಲ!

ಖಾಲಿ ಅಳೆದೆವು. ಅದೇ ಗುಡ್ಡ. ಬಳೆ ತೆಗೆದು, ದೀಪವನ್ನು ಥರ್ಮಾಕೋಲ್ ತುಂಡಿನ ಮೇಲಿಟ್ಟು, ಬೆಸುಗೆಯಿಂದ ದೂರದ ಜಾಗದಲ್ಲಿ ಮತ್ತೆ ಹದಿನಾರು ನಿಮಿಷ ಕಾದೆವು. ತಾಮ್ರ, ತವರ, ಬೇರೇನಿಲ್ಲ. ಕೆಲಸಗಾರ ವರ್ಷಗಳ ಎಣ್ಣೆಜಿಡ್ಡು ತಿಕ್ಕಿ ತೆಗೆದದ್ದಕ್ಕೆ ಬಣ್ಣ ಬೇರೆಯಾಗಿತ್ತು, ಅಷ್ಟೇ.

ಫೋನ್ ಮಾಡಿದರೆ ಮೇಲ್ವಿಚಾರಕರು ಆಗಲೇ ಬಸ್ಸಿನಲ್ಲಿ, ಸಿದ್ಧಕಟ್ಟೆಯ ಹತ್ತಿರ.

"ಅವನ ಅಂಗಡಿಗೆ ಹೋಗಬೇಡಿ. ಸತು ದೀಪದ್ದಲ್ಲ, ನನ್ನ ಬಳೆಯದ್ದು. ತಪ್ಪು ನನ್ನದು."

ಬಸ್ಸಿನ ಹಾರ್ನಿನ ನಡುವೆ ಅವರು ಧ್ವನಿ ಏರಿಸಿದರು. "ಬೆಳಿಗ್ಗೆ ಉಂಟು, ಮಧ್ಯಾಹ್ನ ಇಲ್ಲ. ನಡುವೆ ಅವನು ನಿಮಗೆ ಫೋನ್ ಮಾಡಿದ್ದನಾ ಮಾರಾಯ್ರೆ?"

ಬೆಳಿಗ್ಗೆ ವಿದ್ಯಾರ್ಥಿನಿಯನ್ನು ನಾನು ನೋಡಿದ್ದೂ ಇದೇ ಸಂಶಯದಿಂದ.

"ಇಲ್ಲಿಗೇ ಬನ್ನಿ, ನಿಮ್ಮೆದುರೇ ಅಳೆಯುವ" ಎಂದೆ. ಅವಳು ಮೇಜು ಒರೆಸುತ್ತಿದ್ದಳು.

"ಎಲ್ಲಿಂದ ಶುರು ಮಾಡುವುದು ಸರ್?"

"ಖಾಲಿಯಿಂದ."